ಪಾರಮ್ಮ ಸೀರೆಯಲ್ಲಿ ಅಳೆದ ದೋಣಿ

ಪಾರಮ್ಮನಿಗೆ ಹೊಟ್ಟೆಕಿಚ್ಚು ಜಾಸ್ತಿ ಎಂದು ನಮ್ಮ ದಂಡೆಯ ಮೇಲೆ ಎಲ್ಲರೂ ಹೇಳುತ್ತಾರೆ. ಹೇಳಲಿ ಬಿಡಿ. ಯಾರ ಮೇಲೂ ಹೊಟ್ಟೆಕಿಚ್ಚು ಪಡದ ಹೆಂಗಸರನ್ನೂ ನಾನು ಕಂಡಿದ್ದೇನೆ. ಬರುತ್ತಾರೆ, ಚಹಾ ಕುಡಿಯುತ್ತಾರೆ, ಹೋಗುತ್ತಾರೆ. ಸಂಜೆಗೆ ಅವರ ಮುಖವೇ ನೆನಪಿರುವುದಿಲ್ಲ. ಪಾರಮ್ಮ ಹಾಗಲ್ಲ. ಪಕ್ಕದ ಮನೆಯಲ್ಲಿ ಒಗ್ಗರಣೆ ಚಟಪಟ ಅಂದರೆ ಅವಳ ಕಿವಿ ನೆಟ್ಟಗಾಗುತ್ತದೆ. ನನ್ನ ಅಂಗಡಿಯಲ್ಲಿ ಬೇರೆಯವರ ಕಪ್ಪಿಗೆ ಕೆನೆ ಒಂಚೂರು ಹೆಚ್ಚು ಬಿದ್ದರೆ, "ಯಾಕ ಫಕೀರಮ್ಮಾ, ಆಕಿ ನಿನಗ ಸೋದರತ್ತಿ ಆಗಬೇಕೇನ?" ಎಂದು ಎಲ್ಲರೆದುರಿಗೇ ಕೇಳುತ್ತಾಳೆ. ಒಳಗೊಂದು ಹೊರಗೊಂದು ಇಲ್ಲ. ಉರಿದರೆ ಉರಿಯಿತು ಅನ್ನುತ್ತಾಳೆ. ಅದಕ್ಕೇ ನನಗೆ ಅವಳನ್ನು ಕಂಡರೆ ಇಷ್ಟ.

ಮುನಿರಾಬಾದಿನ ಡ್ಯಾಮಿನಿಂದ ಮೇಲಕ್ಕೆ, ಹಿನ್ನೀರಿನ ಅಂಚಿಗೆ ನಮ್ಮ ಮನೆಗಳಿವೆ. ಬಹುತೇಕ ಎಲ್ಲರೂ ಮೀನು ಹಿಡಿಯುವವರು. ನೀರು ತುಂಬಿದಾಗ ಆ ಕಡೆಯ ದಂಡೆ ಕಾಣುವುದಿಲ್ಲ. ಸಮುದ್ರ ನೋಡದ ನಮಗೆ ಇದೇ ಸಮುದ್ರ. ಬೇಸಿಗೆಯಲ್ಲಿ ನೀರು ಹಿಂದೆ ಸರಿಯುತ್ತದೆ. ಆಗ ನಾನೂ ನಾಲ್ಕು ಕಂಬ, ಎರಡು ತಗಡು, ಒಲೆ, ಬೆಂಚು ಎಲ್ಲ ಹೊತ್ತುಕೊಂಡು ನೀರಿನ ಹಿಂದೆಯೇ ಹೋಗಿ ಅಂಗಡಿ ಹಾಕುತ್ತೇನೆ. ಬೆಂಚಿನ ಮೇಲೆ ಕೂರಲು ನಮ್ಮ ಮನೆಯವರೂ ಬರುತ್ತಾರೆ. ಅವರ ಕೆಲಸ ಅಷ್ಟೇ, ಕೂರುವುದು.

ಪಾರಮ್ಮ ಹುಟ್ಟಿದ್ದು ಬೇವೂರಿನಲ್ಲಿ. ಸಜ್ಜೆ, ಹುರುಳಿ ಬೆಳೆಯುವ ಒಣಭೂಮಿ. ಅವಳು ಕಂಡ ಅತಿ ಅಗಲದ ನೀರೆಂದರೆ ಊರ ಬಾವಿಯದು. ಸೋದರಮಾವನ ಮಗ ಕುಬೇರಪ್ಪನಿಗೆ ಕೊಟ್ಟು ಇಲ್ಲಿಗೆ ಕಳಿಸಿದಾಗ, ಹಿನ್ನೀರು ನೋಡಿ, "ಇಷ್ಟು ನೀರು ಇಲ್ಲಿಟ್ಟುಕೊಂಡು ನಮ್ಮೂರಿಗೆ ಒಂದು ಕೊಡ ಕಳಿಸಲಿಲ್ಲಲ್ಲ ಇವರು" ಅಂದಳಂತೆ. ಮದುವೆ ಸೀರೆಯ ಮಡಿಕೆ ಬಿಡಿಸುವ ಮೊದಲೇ ನೀರಿನ ಮೇಲೂ ಹೊಟ್ಟೆಕಿಚ್ಚು.

ನಮ್ಮಲ್ಲಿ ತೆಪ್ಪದಲ್ಲಿ ಗಂಡ ಹೆಂಡತಿ ಜೊತೆಯಾಗಿ ಹೋಗುವುದು ಪದ್ಧತಿ. ತೆಪ್ಪವೆಂದರೆ ಬಿದಿರಿನ ದೊಡ್ಡ ಬುಟ್ಟಿ. ಹೊರಗೆ ಚೀಲದ ಹೊದಿಕೆ, ಅದರ ಮೇಲೆ ಡಾಂಬರು. ಹೆಂಡತಿ ಮುಂದೆ ಮೊಣಕಾಲೂರಿ ಕೂತು ಹುಟ್ಟು ಹಾಕುತ್ತಾಳೆ, ಗಂಡ ಹಿಂದೆ ಕೂತು ಬಲೆ ಬಿಡುತ್ತಾನೆ. ಮೀನು ತಕ್ಕಡಿಗೆ ಹೋಗುವ ಮೊದಲು ಹುಟ್ಟು ಹಾಕಿದವಳು ತನಗೆ ಬೇಕಾದ ಒಂದನ್ನು ಎತ್ತಿಕೊಳ್ಳುತ್ತಾಳೆ. ಅದಕ್ಕೆ ಹುಟ್ಟಿನ ಮೀನು ಅನ್ನುತ್ತೇವೆ. ಅದನ್ನು ಅವಳು ಸಾರು ಮಾಡಿದರೂ ಸರಿ, ಯಾರಿಗಾದರೂ ಕೊಟ್ಟರೂ ಸರಿ, ಕೇಳುವವರಿಲ್ಲ.

ಹುಟ್ಟು ಹಾಕಲು ಬಾರದವರ ಕೈಯಲ್ಲಿ ತೆಪ್ಪ ಬುಗುರಿಯ ಹಾಗೆ ಇದ್ದಲ್ಲೇ ತಿರುಗುತ್ತದೆ. ಮೊದಲ ದಿನ ಪಾರಮ್ಮ ತಿರುಗಿ ತಿರುಗಿ ವಾಂತಿ ಮಾಡಿಕೊಂಡಳು. ದಂಡೆಯ ಮೇಲಿನ ಹೆಂಗಸರು ನಕ್ಕರು. ಅವಳಿಗೆ ತಡೆಯಲಾಗಲಿಲ್ಲ. ಇವರಿಗೆಲ್ಲ ಬರುವುದು ನನಗೇಕೆ ಬರಬಾರದು ಎಂದು ಹಟ ಹಿಡಿದು ಕಲಿತಳು. ಅದೇ ಮಳೆಗಾಲ ಮುಗಿಯುವಷ್ಟರಲ್ಲಿ ಗಾಳಿಗೆ ಎದುರಾಗಿ ತೆಪ್ಪವನ್ನು ದಾರ ಎಳೆದಂತೆ ನೇರ ತರುತ್ತಿದ್ದಳು. ನಕ್ಕವರು ಆಮೇಲೆ ಅವಳ ಹಿಂದೆ ಹಿಂದೆ ಬಂದರು.

ಮನೆ ಎಂದರೆ ಒಂದೇ ಕೋಣೆ, ಅದರೊಳಗೆ ಅತ್ತೆ ಮುದುಕವ್ವ. ಮುದುಕವ್ವನಿಗೆ ಕಣ್ಣು ಮಂಜು, ಕಿವಿ ಮಾತ್ರ ಬಹಳ ಚುರುಕು. ಮಗ ಸೊಸೆ ಪಿಸುಗುಟ್ಟಿದರೂ "ಏನಂದ್ರಿ?" ಅನ್ನುತ್ತಾಳೆ. ಮನೆಯಲ್ಲಿ ಪಾರಮ್ಮ ಗಂಡನಿಗೆ ರೀ ಹಚ್ಚಿ ಮಾತನಾಡುತ್ತಾಳೆ, ತಲೆ ಮೇಲೆ ಸೆರಗು. ತೆಪ್ಪ ದಂಡೆ ಬಿಟ್ಟಿತೋ, ಸೆರಗು ಕೆಳಗೆ, ರೀ ನೀರಿಗೆ. ಮಗಳನ್ನು ತಾವರಗೇರಾಕ್ಕೆ ಕೊಡುವ ಮಾತು ಆಡಿದ್ದು ತೆಪ್ಪದಲ್ಲಿ. ಜಗಳ ಆಡಿದ್ದು ತೆಪ್ಪದಲ್ಲಿ, ರಾಜಿ ಆದದ್ದೂ ಅಲ್ಲೇ. ನಡುಗಡ್ಡೆಯಲ್ಲಿ ರಾತ್ರಿ ಉಳಿದರೆ ತೆಪ್ಪ ಬೋರಲು ಹಾಕಿ, ಒಂದು ಬದಿಗೆ ಹುಟ್ಟು ಊರಿ ಎತ್ತಿ ನಿಲ್ಲಿಸಿ, ಕೆಳಗೆ ಇಬ್ಬರೂ ಮಲಗುತ್ತಿದ್ದರು. "ನಮ್ಮ ಮನಿ ಅದ ಐತಿ, ದಂಡಿ ಮ್ಯಾಲಿಂದು ಅತ್ತಿ ಮನಿ" ಎಂದು ಅವಳು ನನಗೆ ಒಮ್ಮೆ ಹೇಳಿದ್ದಳು.

ಹೀಗಿರುವಾಗ ಕುಬೇರಪ್ಪನ ತಮ್ಮ ಯಮನೂರ ಫೈಬರ್ ದೋಣಿ ತಂದ. ಅದಕ್ಕೆ ಮೋಟಾರು. ತೆಪ್ಪದವರು ಹತ್ತಿರದ ನೀರಿನಲ್ಲಿ ಅಂಗೈಯಗಲದ ಜಿಲೇಬಿ ಮೀನಿಗೆ ತಡಕಾಡುತ್ತಿದ್ದರೆ ಯಮನೂರ ಭರ್ ಎಂದು ದೂರದ ಮೇಲಿನ ನೀರಿಗೆ ಹೋಗಿ, ಮೂರು ನಾಲ್ಕು ರಾತ್ರಿ ಅಲ್ಲೇ ಇದ್ದು, ಐಸಿನ ಪೆಟ್ಟಿಗೆ ತುಂಬ ಕಾಟ್ಲಾ ಎನ್ನುವ ದೊಡ್ಡ ಮೀನು ತಂದ. ಅವನ ಹೆಂಡತಿ ರೇಣುಕಾ ಪಾರಮ್ಮನಿಗೆ ನೆಗೆಣ್ಣಿ. ಈ ಇಬ್ಬರ ಮನೆಯ ಗೋಡೆ ಒಂದೇ. ರೇಣುಕಾ ಈಗ ತೆಪ್ಪ ಹತ್ತುವುದಿಲ್ಲ. ಬಾಗಿಲಲ್ಲಿ ಕೂತು ತಲೆ ಬಾಚಿಕೊಳ್ಳುತ್ತಾಳೆ. ಅವಳ ಅಂಗೈಯ ದಡ್ಡು ಹೋಗಿ ಬಳೆಗಾರ ಹೊಗಳುವಷ್ಟು ಮೆತ್ತಗಾಗಿದೆ.

ಪಾರಮ್ಮ ಉರಿದು ಬೂದಿಯಾದಳು.

"ನೋಡಿದೇನ ಫಕೀರಮ್ಮಾ, ರಾಣಿ ಹಂಗ ಕುಂತಾಳ! ನಮ್ಮ ತೆಪ್ಪ ಹೊಂಟ ಕೂಡಲೇ ಒಳಗ ಹೋಗಿ ಬಾಗಲಾ ಧಡ್ ಅಂತ ಹಾಕ್ತಾಳ. ನಮ್ಮ ಮಾರಿ ನೋಡಾಕೂ ಆಗಂಗಿಲ್ಲ ಆಕಿಗೆ. ಏನ ಸೊಕ್ಕು!"

"ಆಕಿ ಯಾಕ ದೋಣ್ಯಾಗ ಹೋಗವಲ್ಲಳು?" ಎಂದು ನಾನು ಕೇಳಿದೆ.

"ಮೈಗಳ್ಳಿ, ಅದಕ್ಕ. ನನಗ ಅಂಥ ದೋಣಿ ಇದ್ದಿದ್ರ ನಾ ಇಳೀತಿದ್ದೆನೇನು?"

ಆಮೇಲೆ ಕುಬೇರಪ್ಪನಿಗೆ ನಿದ್ದೆ ಇರಲಿಲ್ಲ. ತೆಪ್ಪದಲ್ಲಿ ಅದೇ ಮಾತು, ದಂಡೆಯಲ್ಲಿ ಅದೇ ಮಾತು. ಯಮನೂರನ ದೋಣಿಗಿಂತ ಉದ್ದದ ದೋಣಿ ಬೇಕು. ಗಂಡ ಒಪ್ಪುವವರೆಗೆ ಅವಳು ಸಾರಿಗೆ ಉಪ್ಪು ಹಾಕಲಿಲ್ಲ ಎಂದು ಮುದುಕವ್ವ ದೂರಿದಳು. ಕುಬೇರಪ್ಪ ಒಳ್ಳೆಯ ಮನುಷ್ಯ, ಆದರೆ ಒಳ್ಳೆಯವರಿಗೆ ಸಾಮಾನ್ಯವಾಗಿ ಇರುವ ಜಡ್ಡು ಅವನಿಗೂ ಇದೆ: ಹೆಂಡತಿ ಬಾಯಿಬಿಟ್ಟು ಕೇಳಿದ್ದನ್ನು ತಂದುಕೊಡುತ್ತಾನೆ, ಕೇಳದಿದ್ದುದು ಅವನ ತಲೆಗೆ ಹೋಗುವುದಿಲ್ಲ. ಎರಡು ಎಮ್ಮೆ ಮಾರಿದ.

ಗಂಗಾವತಿಯಲ್ಲಿ ಒಬ್ಬ ವ್ಯಾಪಾರಿ ಸಮುದ್ರದ ಕಡೆಯಿಂದ ಹಳೆಯ ದೋಣಿಗಳನ್ನು ಲಾರಿಯಲ್ಲಿ ತಂದು ಮಾರುತ್ತಾನೆ ಎಂದು ಸುದ್ದಿ ಇತ್ತು. ಅಲ್ಲಿಗೆ ಹೋಗುವ ಹಿಂದಿನ ದಿನ ರೇಣುಕಾ ಸಂತೆಗೆ ಹೋದದ್ದು ನೋಡಿಕೊಂಡು, ಪಾರಮ್ಮ ತನ್ನ ಹಳೆಯ ಸೀರೆ ತಂದು ಯಮನೂರನ ದೋಣಿಯ ಮೂಗಿನಿಂದ ಬಾಲದವರೆಗೆ ಹಿಡಿದು ಅಳೆದಳು. ಒಂದು ಸೀರೆ, ಒಂದು ಮೊಳ. ಇನ್ನೊಂದು ತುದಿ ಹಿಡಿದವಳು ನಾನೇ. ಮರುದಿನ ಆ ಸೀರೆಯನ್ನು ಚೀಲದಲ್ಲಿಟ್ಟುಕೊಂಡು, ಗಂಡನನ್ನೂ ನನ್ನನ್ನೂ ಎಬ್ಬಿಸಿಕೊಂಡು, ಗಂಗಾವತಿ ಬಸ್ಸು ಹತ್ತಿದಳು.

ವ್ಯಾಪಾರಿಯ ಜಾಗ ಒಂದು ಅಕ್ಕಿ ಗಿರಣಿಯ ಹಿಂದೆ. ಸುತ್ತ ಹೊಟ್ಟಿನ ಗುಡ್ಡೆಗಳು. ಅವುಗಳ ನಡುವೆ ಮೂರು ದೋಣಿ. ಗಾಳಿಗೆ ಹೊಟ್ಟು ಹಾರಿ ಬಂದು ದೋಣಿಗಳೊಳಗೆ ತುಂಬಿತ್ತು. ಕುಬೇರಪ್ಪ ಬಸ್ಸಿನಲ್ಲಿ ತೂಕಡಿಸುತ್ತಿದ್ದವನು ಇಲ್ಲಿ ಬೇರೆ ಮನುಷ್ಯನಾದ. ಮೊದಲನೆಯದರ ಅಂಚು ಒತ್ತಿ ನೋಡಿದ. ಉದ್ದ, ಸಪೂರ.

"ಇದು ಓಡಾಕ ಛಲೋ. ಬಲಿ ಎಳಿಯಾಕ ನಿಂತ್ರ ಮಗ್ಗಲಕ್ಕ ವಾಲ್ತೈತಿ. ದೂರ ಹೋಗಿ ನಾಲ್ಕ ದಿನ ಇರೋರಿಗೆ ಬ್ಯಾಡ."

ಎರಡನೆಯದು ಅಗಲ. ಅವನು ಬಗ್ಗಿ ತಳ ಸವರಿದ. "ರೊಟ್ಟಿ ಹಂಚಿನಂಗ ಸಪಾಟ ಐತಿ. ಆಷಾಢದ ಗಾಳಿಗೆ ಒಂದೊಂದು ತೆರಿ ಬಂದು ಬಡದ್ರ ಹಲ್ಲ ಉದುರ್ತಾವ."

ಮೂರನೆಯದಕ್ಕೆ ಅವನು ಒಂದು ಸುತ್ತು ಬಂದ. ಎತ್ತರದ ಮೂಗು, ಆಳದ ಹೊಟ್ಟೆ, ತಳ ಚೂಪಾಗಿ ಇಳಿದಿತ್ತು. ಮೈತುಂಬ ಗೀರು, ಹಳೆಯ ಹೆಸರನ್ನು ಯಾರೋ ಕೆರೆದು ಅಳಿಸಿದ್ದರು. ಇದು ಕಡಲೊಳಗೆ ದೂರ ಹೋಗಿ ರಾತ್ರಿಗಟ್ಟಲೆ ಇದ್ದು ಬಂದ ದೋಣಿ ಎಂದು ವ್ಯಾಪಾರಿ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹೇಳಿದ. ಅವನು ಹೇಳಬೇಕಾಗಿರಲಿಲ್ಲ. ಕುಬೇರಪ್ಪ ಎಮ್ಮೆಯ ಬೆನ್ನು ಸವರುವ ಹಾಗೆ ಅದರ ಬದಿಯನ್ನು ಸವರುತ್ತಿದ್ದ.

ಪಾರಮ್ಮ ಚೀಲದಿಂದ ಸೀರೆ ತೆಗೆದಳು. ನಾನು ಮೂಗಿನ ತುದಿ ಹಿಡಿದೆ, ಅವಳು ಬಾಲಕ್ಕೆ ಹೋದಳು. ಒಂದು ಸೀರೆ, ಎರಡು ಮೊಳ.

"ಒಂದು ಮೊಳ ಹೆಚ್ಚ!" ಎಂದು ಅವಳು ಕೂಗಿದ್ದು ಗಿರಣಿಯ ಸದ್ದಿನಲ್ಲೂ ಕೇಳಿಸಿತು. ಆಮೇಲೆ ಸೀರೆ ಎತ್ತಿಕಟ್ಟಿ ದೋಣಿಯೊಳಗೆ ಹತ್ತಿ, ಹೊಟ್ಟಿನ ಮೇಲೆ ಉದ್ದಕ್ಕೆ ಮಲಗಿಬಿಟ್ಟಳು. "ಬರ್ರಿ, ನೀವೂ ಮಲಗ್ರಿ. ಇಬ್ಬರಿಗೆ ಸಾಲ್ತೈತೇನ ನೋಡೂಣು."

ಮೂಟೆ ಹೊರುತ್ತಿದ್ದ ಹಮಾಲರು ಮೂಟೆ ಇಳಿಸಿ ನಕ್ಕರು. ಕುಬೇರಪ್ಪನ ಕಿವಿ ಕೆಂಪಾದವು. ಪಾರಮ್ಮನಿಗೆ ನಾಚಿಕೆಯೇನೂ ಇಲ್ಲ. ಮಲಗಿದಲ್ಲಿಂದಲೇ ಕೈಚಾಚಿ, ಒಲೆ ಇಲ್ಲಿ, ರೊಟ್ಟಿ ಗಂಟು ಇಲ್ಲಿ ಎಂದು ಜಾಗ ಗೊತ್ತುಮಾಡಿದಳು. ಎದ್ದಾಗ ಬೆನ್ನು, ತಲೆ ಎಲ್ಲ ಹೊಟ್ಟು. ಬಸ್ಸಿನಲ್ಲಿ ಅದನ್ನು ಆರಿಸುತ್ತ ಕೂತವಳ ಮುಖದಲ್ಲಿ, ಮದುವೆ ಹೆಣ್ಣಿನ ಮುಖದಲ್ಲೂ ಕಾಣದ ಬೆಳಕು ಇತ್ತು. ಇಷ್ಟೆಲ್ಲ ಅಳೆದು ನೋಡಿದ ನಾವು ಮೂವರೂ ಆ ದೋಣಿಯಲ್ಲಿ ಹುಟ್ಟು ಹಾಕುವವರು ಎಲ್ಲಿ ಕೂರಬೇಕು ಎಂದು ಮಾತ್ರ ನೋಡಲಿಲ್ಲ.

ದೋಣಿ ಬಂತು, ಅದಕ್ಕೆ ಹೊಸ ಮೋಟಾರು ಬಂತು. ಶ್ರಾವಣದ ಒಂದು ಬೆಳಗ್ಗೆ ಪೂಜೆ. ಕಾಯಿ ಒಡೆದರು, ಮೋಟಾರಿಗೆ ಚೆಂಡುಹೂವಿನ ಮಾಲೆ ಹಾಕಿದರು. ಪಾರಮ್ಮ ಇಳಕಲ್ ಸೀರೆ ಉಟ್ಟು, ನಾಲ್ಕು ದಿನಕ್ಕಾಗುವಷ್ಟು ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿ, ಎಣ್ಣೆ ಹಚ್ಚಿ ಒರೆಸಿದ ಹುಟ್ಟನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಬರುವಾಗ ರೇಣುಕಾಳ ಬಾಗಿಲ ಮುಂದೆ ಬೇಕಂತಲೇ ನಿಧಾನ ನಡೆದಳು. ರೇಣುಕಾ ಕೂಡ ಹೊರಗೆ ಬಂದು ನಿಂತಳು.

ದೋಣಿಯ ಮೂಗಿನಲ್ಲಿ ಪಾರಮ್ಮ ತನಗೆಂದು ಇಟ್ಟುಕೊಂಡಿದ್ದ ಜಾಗದಲ್ಲಿ ಐಸಿನ ಪೆಟ್ಟಿಗೆ ಕೂತಿತ್ತು. ನಡುವೆ ಬಲೆಯ ರಾಶಿ. ಬಲೆಯ ಮೇಲೆ ಹೇಮಪ್ಪ ಎನ್ನುವ ಆಳು, ತಂಬಾಕು ತಿಕ್ಕುತ್ತ ಕೂತಿದ್ದ.

"ಈ ಪೆಟಿಗಿ ಸರಸ್ರಿ. ನಾ ಎಲ್ಲಿ ಕುಂದ್ರಲಿ?" ಎಂದಳು ಪಾರಮ್ಮ.

ಕುಬೇರಪ್ಪ ಮೋಟಾರಿನಿಂದ ತಲೆ ಎತ್ತಿದ. "ನೀ ಎಲ್ಲಿ ಬರ್ತಿ? ಪೆಟಿಗಿ ಮುಂದ ಇಡದಿದ್ರ ಮೋಟಾರಿನ ಭಾರಕ್ಕ ಮೂಗು ಮ್ಯಾಲೇಳ್ತೈತಿ. ಬೋಟು ದಂಡಿಗೆ ಎಳಿಯಾಕ ಗಂಡಾಳು ಬೇಕು. ಅದಕ್ಕ ಹೇಮಪ್ಪ ಬರಾಕತ್ಯಾನ. ನಿನಗ ಜಾಗಾ ಎಲ್ಲೈತಿ?" ಅಂದವನು ಅವಳ ಮುಖ ನೋಡಿ ಪ್ರೀತಿಯಿಂದಲೇ ನಕ್ಕ. "ಇಷ್ಟ ವರ್ಷ ಹುಟ್ಟು ಹಾಕಿ ಹೆಗಲು ಸವಿಸ್ಕೊಂಡಿ. ಇನ್ನ ರೇಣುಕಾನಂಗ ಆರಾಮ ಇರು. ನಿನ್ನ ಸಲುವಾಗೇ ತಂದೀನಲ್ಲ ಇದನ್ನ."

ರೊಟ್ಟಿ ಗಂಟು ಮಾತ್ರ ಹೇಮಪ್ಪ ಇಸಿದುಕೊಂಡ. ಮೋಟಾರು ಶುರುವಾಯಿತು. ಹೂಮಾಲೆ ಹಾಕಿಕೊಂಡ ಆ ಮಷೀನು ಭರ್ ಎಂದು ಅವಳ ಗಂಡನನ್ನು ಎಳೆದುಕೊಂಡು ಹೋಯಿತು. ಒಂದು ಮೊಳ ಹೆಚ್ಚಿನ ದೋಣಿ ಬಲು ಚೆನ್ನಾಗಿ ನೀರು ಸೀಳುತ್ತಿತ್ತು. ಪಾರಮ್ಮ ಹುಟ್ಟು ಹಿಡಿದು ನಿಂತೇ ಇದ್ದಳು. ಎಲ್ಲರೂ ನೋಡುತ್ತಿದ್ದರು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ, ಒಲೆಯ ಮೇಲೆ ತೀರಿಸಿಕೊಂಡೆ.

ರೇಣುಕಾ ನಗುತ್ತಾಳೆ ಎಂದುಕೊಂಡಿದ್ದೆ. ಅವಳು ನಗಲಿಲ್ಲ. ಹತ್ತಿರ ಬಂದು, "ನನಗೂ ಹಿಂಗ ಆತು ಅಕ್ಕಾ" ಎಂದಳು.

"ನಿನ್ನ ಯಾರು ಕೇಳಿದ್ರು?" ಎಂದು ಪಾರಮ್ಮ ಹುಟ್ಟನ್ನು ಧೊಪ್ಪನೆ ಮರಳಿನ ಮೇಲೆ ಎಸೆದು ಮನೆಗೆ ನಡೆದಳು.

ಆ ದಿನ, ಮರುದಿನ ಅವಳು ನನ್ನ ಅಂಗಡಿಯಲ್ಲಿ ಕೂತು ಬೆಂಕಿ ಉಗುಳಿದಳು. ಗಂಡನಿಗೊಂದು ಬೈಗುಳ, ಮೋಟಾರಿಗೆ ಹತ್ತು. "ಆ ಕರಿಮಾರಿದು ನನ್ನ ಗಂಡನ ಮಗ್ಗಲಕ್ಕ ಕುಂತೈತಿ ಫಕೀರಮ್ಮಾ. ಅಂವ ಅದರ ಕುತಿಗಿ ಹಿಡಕೊಂಡು ಹ್ಯಾಂಗ ಹೊಂಟಿದ್ದ ನೋಡಿದೇನ? ನನ್ನ ಕೈಯಾರ ಬಡಿದ ರೊಟ್ಟಿ ಆ ಹೇಮಪ್ಪ ತಿನ್ನಾಕತ್ತಿರ್ತಾನ. ರಾತ್ರಿ ಅವರಿಬ್ಬರೂ ಮಲಗೋದು ಎಲ್ಲಿ? ನಾ ಅಳದು ನೋಡಿದ ಜಾಗಾದಾಗ!" ಎಂದು ಎದೆ ಎದೆ ಬಡಿದುಕೊಂಡಳು. ನಗು ಬರುವಂಥ ಮಾತು. ಆದರೆ ಕಣ್ಣು ತುಂಬಿದ ಹೆಂಗಸಿನ ಎದುರು ಹೇಗೆ ನಗುವುದು? ಸಕ್ಕರೆ ಒಂದು ಚಮಚ ಹೆಚ್ಚು ಹಾಕಿ ಕೊಟ್ಟೆ.

"ಮನ್ಯಾಗ ಕುಂತ್ರ ಮುದುಕಿ ಕೆಮ್ಮು ಕೇಳಬೇಕು. ಯಾರ ಕೂಡ ಮಾತಾಡ್ಲಿ ನಾ?" ಎಂದು ಕೊನೆಗೆ ಸಣ್ಣ ದನಿಯಲ್ಲಿ ಕೇಳಿದಳು. ಅವಳ ದುಃಖದ ಬೇರು ಅದೇ ಆಗಿತ್ತು.

ಅದರ ಮರುದಿನ ಸಂಜೆ ಅವಳು ಹಳೆಯ ತೆಪ್ಪವನ್ನು ಒಬ್ಬಳೇ ನೀರಿಗೆ ಎಳೆದಳು. ಒಳಗೆ ಹಳೆಯ ಬಲೆ. ಸ್ವಲ್ಪ ದೂರ ಹೋಗಿ ಹುಟ್ಟು ಇಟ್ಟು ಬಲೆ ಕೈಗೆತ್ತಿಕೊಂಡಳು, ತೆಪ್ಪ ತಿರುಗತೊಡಗಿತು. ಬಲೆ ಇಟ್ಟು ಹುಟ್ಟು ಹಿಡಿದಳು. ಬಿಟ್ಟಷ್ಟು ಬಲೆ ತೆಪ್ಪದ ಸುತ್ತ ಸುತ್ತಿಕೊಂಡಿತು. ತೆಪ್ಪ ಒಬ್ಬರದಲ್ಲ. ದಂಡೆಯಿಂದ ನೋಡುತ್ತಿದ್ದ ರೇಣುಕಾ ಬಾಚಣಿಗೆಯನ್ನು ಜಡೆಗೆ ಸಿಕ್ಕಿಸಿ, ಸೀರೆ ಎತ್ತಿಕಟ್ಟಿ, ಸೊಂಟದವರೆಗೆ ನೀರಿಗಿಳಿದಳು.

"ಅಕ್ಕಾ, ಈ ಕಡೆ ತಾ. ನಾ ಹತ್ತತೀನಿ."

"ಬ್ಯಾಡ. ನಿನ್ನ ಕೈ ಮೆತ್ತಗ ಆಗ್ಯಾವ. ಬೊಬ್ಬಿ ಬರ್ತಾವ."

"ಬರ್ಲಿ. ನೀವಿಬ್ಬರೂ ತೆಪ್ಪದಾಗ ಹೊಂಟಾಗ ನನಗ ನೋಡಾಕ ಆಗ್ತಿರಲಿಲ್ಲಕ್ಕಾ. ಹೊಟ್ಟಿ ಉರೀತಿತ್ತು. ಅದಕ್ಕ ಒಳಗ ಹೋಗಿ ಬಾಗಲಾ ಹಾಕ್ಕೋತಿದ್ದೆ."

ಪಾರಮ್ಮ ಹುಟ್ಟು ನಿಲ್ಲಿಸಿದಳು. ತಾನು ಇಷ್ಟು ದಿನ ಯಾರನ್ನು ನೋಡಿ ಉರಿದಳೋ ಅವಳು ತನ್ನನ್ನು ನೋಡಿ ಉರಿಯುತ್ತಿದ್ದಳು! ಇನ್ನೊಬ್ಬರಾಗಿದ್ದರೆ ಕರುಣೆಯಿಂದ ಕರಗುತ್ತಿದ್ದರೋ ಏನೋ. ಪಾರಮ್ಮನಿಗೆ ಮೊದಲು ಬಂದದ್ದು ಸಂತೋಷ. ಅವಳ ಮುಖ ಅರಳಿದ್ದು ದಂಡೆಯಲ್ಲಿದ್ದ ನನಗೂ ಕಂಡಿತು. "ಭಾಳ ಉರೀತಿತ್ತೇನ?" ಎಂದು ಕೇಳಿದಳು.

"ಭಾಳ."

"ಹತ್ತ ಹಂಗಾರ."

ರೇಣುಕಾ ಹತ್ತಿ, ಸುತ್ತಿಕೊಂಡಿದ್ದ ಬಲೆ ಬಿಡಿಸಿದ ಕೂಡಲೇ ಜಗಳ. ಇಬ್ಬರೂ ಹುಟ್ಟು ಹಾಕಿದವರು. ಬಲೆ ಬಿಡುವುದು ಇಬ್ಬರಿಗೂ ಗೊತ್ತಿಲ್ಲ, ಹಿಂದೆ ಕೂರಲು ಇಬ್ಬರಿಗೂ ಮನಸ್ಸಿಲ್ಲ. ತೆಪ್ಪ ನನ್ನದು ಎಂದು ಪಾರಮ್ಮ, ಬಲೆಯ ಗಂಟು ಬಿಡಿಸಿದ್ದು ನಾನು ಎಂದು ರೇಣುಕಾ. ಕೊನೆಗೆ ಹೋಗುವಾಗ ಒಬ್ಬಳು, ಬರುವಾಗ ಒಬ್ಬಳು ಎಂದು ತೀರ್ಮಾನವಾಯಿತು. ಬಲೆ ಬಿಡುವ ಕೆಲಸ ನೋಡುವಂತಿರಲಿಲ್ಲ. ರೇಣುಕಾ ಬಲೆಯ ಜೊತೆ ತನ್ನ ಸೆರಗನ್ನೂ ನೀರಿಗೆ ಬಿಟ್ಟಳು. ಅವರ ನಗು ನೀರಿನ ಮೇಲೆ ತೇಲಿ ನನ್ನ ಅಂಗಡಿಯವರೆಗೆ ಬಂತು. ಪಾರಮ್ಮ ತನ್ನ ಗಂಡನ ಜೊತೆ ಹೀಗೆ ನಗುವುದನ್ನು ನಾನು ದೂರದಿಂದ ಎಷ್ಟೋ ಸಲ ಕೇಳಿದ್ದೆ.

ಮಾರನೆಯ ಬೆಳಗ್ಗೆ ಅವರು ಬಲೆ ಎತ್ತಲು ಹೋಗಿದ್ದಾಗ ಕುಬೇರಪ್ಪನ ದೋಣಿ ಬಂತು. ಪೆಟ್ಟಿಗೆ ತುಂಬ ಮೀನು. ಅವನು ದಂಡೆಗೆ ಹಾರಿ, ದೊಡ್ಡದೊಂದು ಕಾಟ್ಲಾವನ್ನು ಎರಡೂ ಕೈಯಲ್ಲಿ ಹಿಡಿದು ಸೀದಾ ಮನೆಗೆ ಹೋದ. ಹೋದಷ್ಟೇ ಬೇಗ ಹೊರಗೆ ಬಂದು ನನ್ನ ಬೆಂಚಿನ ಮೇಲೆ ಕೂತ. ಮೀನು ತೊಡೆಯ ಮೇಲೆ.

"ಎಲ್ಲಿ ಹೋಗ್ಯಾಳ?"

ನಾನು ನೀರಿನ ಕಡೆ ತೋರಿಸಿದೆ. ಚಹಾ ಕೊಟ್ಟೆ. ಅವನು ಮಾತನಾಡತೊಡಗಿದ, ಕಟ್ಟೆ ಒಡೆದ ಹಾಗೆ. ಮೋಟಾರಿನ ಸದ್ದಿನಲ್ಲಿ ಒಂದು ಮಾತೂ ಕೇಳುವುದಿಲ್ಲವಂತೆ. ಮೋಟಾರು ನಿಲ್ಲಿಸಿದರೆ ಹೇಮಪ್ಪನ ಬಾಯಲ್ಲಿ ತಂಬಾಕು. ಒಂದು ರಾತ್ರಿ ಮೇಲಿನ ನೀರಿನಲ್ಲಿ ಗಾಳಿ ಎದ್ದಿತ್ತು, ತೆಪ್ಪವಾಗಿದ್ದರೆ ಮುಳುಗಬೇಕಿತ್ತು, ಈ ದೋಣಿ ಅಲ್ಲಾಡಲಿಲ್ಲ. "ಪಾರೂ, ನೋಡು ಹ್ಯಾಂಗ ನಿಂತೈತಿ" ಎಂದು ಕತ್ತಲಲ್ಲಿ ಹೇಳಿಯೇಬಿಟ್ಟನಂತೆ. ಅತ್ತ ಕಡೆಯಿಂದ ಹೇಮಪ್ಪ "ಹೂಂ" ಅಂದನಂತೆ.

ಅಷ್ಟರಲ್ಲಿ ನೀರಿನ ಮೇಲಿಂದ ನಗು ಬಂತು. ಕುಬೇರಪ್ಪ ತಲೆ ಎತ್ತಿದ.

"ಬಲಿ ಯಾರು ಎತ್ತಾಕತ್ತಾರ?"

"ರೇಣುಕಾ."

"ಆಕಿಗೇನ ಬರತೈತಿ ಬಲಿ?"

"ಬರಂಗಿಲ್ಲ. ಅದಕ್ಕ ನಗಾಕತ್ತಾರ" ಎಂದೆ.

ಕುಬೇರಪ್ಪ ಚಹಾ ಕೆಳಗಿಟ್ಟ. ಆ ಮುಖ ನನಗೆ ಬಹಳ ಗುರುತಿನದು. ಅವನ ಹೆಂಡತಿಯ ಮುಖದಲ್ಲಿ ವರ್ಷಗಟ್ಟಲೆ ನೋಡಿದ್ದೆ; ಅವನ ಮುಖದಲ್ಲಿ ಅದೇ ಮೊದಲು. ತನ್ನ ಜಾಗದಲ್ಲಿ ಇನ್ನೊಬ್ಬರು ಕೂತು ತನ್ನ ಹೆಂಡತಿಯನ್ನು ನಗಿಸುತ್ತಿರುವುದನ್ನು ಅವನು ಕಣ್ಣು ಕಿರಿದು ಮಾಡಿ ನೋಡುತ್ತಲೇ ಇದ್ದ. ಹೊಟ್ಟೆ ಉರಿಯಿತು ಅನ್ನಲು ಮಾತ್ರ ಅವನಿಗೆ ಬರಲಿಲ್ಲ. ಅದು ಗಂಡಸರ ಕೊರತೆ.

ತೆಪ್ಪ ದಂಡೆಗೆ ಬಂದಾಗ ಅವನು ಮೊಣಕಾಲುದ್ದ ನೀರಿಗಿಳಿದು ಅಂಚು ಹಿಡಿದ. "ಪಾರೂ, ಹುಟ್ಟಿನ ಮೀನು ತಂದೀನಿ ನಿನಗ" ಎಂದು ಕಾಟ್ಲಾ ಎತ್ತಿ ಹಿಡಿದ. ತೆಪ್ಪದಲ್ಲಿ ಬೊಗಸೆಯಷ್ಟು ಜಿಲೇಬಿ ಮೀನು ಬಿದ್ದಿದ್ದವು. ಪಾರಮ್ಮ ಅವುಗಳಲ್ಲಿ ಒಂದನ್ನು ಆರಿಸಿ ಸೆರಗಿಗೆ ಹಾಕಿಕೊಂಡಳು.

"ನನ್ನ ಹುಟ್ಟಿನ ಮೀನು ಇದು. ಅದನ್ನ ಮೋಟಾರಿಗೆ ಕೊಡು. ಹುಟ್ಟು ಹಾಕಿದ್ದು ಅದ ಅಲ್ಲೇನ?"

ದಂಡೆಯ ಮೇಲೆ, ಅತ್ತೆಯ ಬಾಗಿಲಿಗೆ ಕೇಳುವಂತೆ, ತಲೆಯ ಮೇಲೆ ಸೆರಗಿಲ್ಲದೆ ಅವಳು ಗಂಡನಿಗೆ ಏಕವಚನ ಹಾಕಿದ್ದಳು.

"ನಾಳೆ ತೆಪ್ಪದಾಗ ನಾ ಬರ್ಲೇನು?" ಎಂದ ಕುಬೇರಪ್ಪ, ಬಹಳ ಮೆಲ್ಲಗೆ.

"ತೆಪ್ಪದಾಗ ನಿನಗ ಜಾಗಾ ಎಲ್ಲೈತಿ?"

ಅವನು ಕಾಟ್ಲಾ ಹಿಡಿದುಕೊಂಡೇ ನೀರಿನಲ್ಲಿ ನಿಂತ. ತನ್ನದೇ ಮಾತು ಎಂದು ಗೊತ್ತಾಗಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಗೊತ್ತಾದಾಗ ತಲೆ ತಗ್ಗಿಸಿದ.

ಮುಂದೆ ಅವರಿಬ್ಬರು ಮನೆಯಲ್ಲಿ ಮಾತನಾಡಿದ್ದನ್ನು ಮುದುಕವ್ವ ಕೂಡ ಕೇಳಿಸಿಕೊಂಡಿಲ್ಲ; ಅಂದರೆ ಮಾತೇ ಆಗಿಲ್ಲ. ಆದರೆ ಮುಂದಿನ ಸಲ ಹೊರಡುವ ಬೆಳಗ್ಗೆ ಕುಬೇರಪ್ಪ ಹೇಮಪ್ಪನನ್ನು ಕರೆಯಲಿಲ್ಲ. ಹಳೆಯ ತೆಪ್ಪಕ್ಕೆ ಹೊಸದಾಗಿ ಡಾಂಬರು ಹಚ್ಚಿದ್ದ. ಅದಕ್ಕೊಂದು ಗಟ್ಟಿ ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿಯನ್ನು ದೋಣಿಯ ಬಾಲಕ್ಕೆ ಬಿಗಿದ. ಆಮೇಲೆ ನನ್ನ ಅಂಗಡಿಯ ಮುಂದೆ ಕೂತಿದ್ದ ಹೆಂಡತಿಯ ಹತ್ತಿರ ಬಂದ.

"ಮ್ಯಾಲಿನ ನೀರಿನತನ ಬೋಟು ತೆಪ್ಪಾ ಎಳೀತೈತಿ. ಅಲ್ಲಿ ಹೋದ ಮ್ಯಾಲೆ ಬೋಟಿಗೆ ಕಲ್ಲು ಕಟ್ಟಿ ನೀರಾಗ ನಿಂದರಸೂಣು, ದಂಡಿಗೆ ಎಳಿಯಾದ ಬ್ಯಾಡ. ಬಲಿ ತೆಪ್ಪದಾಗಿಂದ ಬಿಡೂಣು. ರಾತ್ರಿ ತೆಪ್ಪ ಬೋರಲ ಹಾಕೂಣು."

ಪಾರಮ್ಮ ಎದ್ದು ಹೋಗಿ ಹಗ್ಗ ಜಗ್ಗಿ ನೋಡಿದಳು. ಗಂಟು ಬಿಚ್ಚಿ ತಾನೇ ಮತ್ತೆ ಕಟ್ಟಿದಳು. "ಹುಟ್ಟು ಯಾರು ಹಾಕೋದು?"

"ಮತ್ಯಾರು? ನನ್ನ ಕೈಯಾಗ ಅದು ತಿರುಗತೈತಿ."

ಅವಳು ರೊಟ್ಟಿ ಕಟ್ಟಿಕೊಂಡು ಬರಲು ಮನೆಗೆ ಓಡಿದಳು. ಓಡುವಾಗಲೂ ರೇಣುಕಾಳ ಬಾಗಿಲ ಮುಂದೆ ನಿಧಾನವಾದಳು, ಆ ಬುದ್ಧಿ ಎಲ್ಲಿ ಹೋಗುತ್ತದೆ? ರೇಣುಕಾ ಹಗ್ಗ ನೋಡಿದಳು, ತೆಪ್ಪ ನೋಡಿದಳು. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಲಿಲ್ಲ. "ರೀ, ಏಳ್ರಿ ಇಲ್ಲಿ!" ಎಂದು ಒಳಗೆ ಮಲಗಿದ್ದ ಯಮನೂರನನ್ನು ಕೂಗಿದ ದನಿಗೆ ನನ್ನ ತಗಡು ಅದುರಿತು. ಇನ್ನೊಂದು ವಾರದಲ್ಲಿ ಅವರ ದೋಣಿಯ ಹಿಂದೆಯೂ ಒಂದು ತೆಪ್ಪ ಬರುತ್ತದೆ, ಪಾರಮ್ಮನದಕ್ಕಿಂತ ಒಂದು ಗೇಣು ಅಗಲದ್ದು, ಬೇಕಾದರೆ ಬರೆದುಕೊಡುತ್ತೇನೆ.

ಮೋಟಾರು ಶುರುವಾಯಿತು. ಹಗ್ಗ ಬಿಗಿಯಾಯಿತು. ಹಿಂದಿನ ತೆಪ್ಪದಲ್ಲಿ ಪಾರಮ್ಮ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಕೈಬೀಸದೆ, ನಮ್ಮ ಯಾರ ಕಡೆಯೂ ನೋಡದೆ ಹೋದಳು. ದಂಡೆ ಇನ್ನೂ ಕಾಣುತ್ತಿರುವಾಗಲೇ ಮೋಟಾರಿನ ಸದ್ದು ನಿಂತಿತು. ನನಗೆ ಗಾಬರಿಯಾಗಿ ಹೊರಗೆ ಬಂದು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದೆ. ಏನೂ ಆಗಿರಲಿಲ್ಲ. ಕುಬೇರಪ್ಪ ಹಗ್ಗ ಎಳೆದು ತೆಪ್ಪವನ್ನು ಹತ್ತಿರ ತಂದುಕೊಂಡು ಏನೋ ಹೇಳುತ್ತಿದ್ದ. ಅವಳು ನಗುತ್ತಿದ್ದಳು.

ನನಗೆ ಹೊಟ್ಟೆ ಉರಿಯಿತು. ಮುಚ್ಚುಮರೆ ಯಾಕೆ, ಚೆನ್ನಾಗಿಯೇ ಉರಿಯಿತು. ಒಳಗೆ ಬಂದೆ. ನಮ್ಮ ಮನೆಯವರು ಎಂದಿನಂತೆ ಬೆಂಚಿನ ನಡುವೆ ಕಾಲು ಅಗಲಿಸಿ ಕೂತು ಮೊಬೈಲ್ ನೋಡುತ್ತಿದ್ದರು.

"ಆ ಕಡೆ ಸರೀರಿ" ಎಂದೆ.

"ಯಾಕ? ಯಾರ ಬರ್ತಾರ?"

"ಯಾರೂ ಬರಂಗಿಲ್ಲ. ನಾ ಕುಂದ್ರಬೇಕು."

ಅವರು ನನ್ನ ಮುಖ ನೋಡಿದರು, ಒಲೆಯ ಮೇಲೆ ಉಕ್ಕುತ್ತಿದ್ದ ಹಾಲು ನೋಡಿದರು. ಆಮೇಲೆ ಮೊಬೈಲನ್ನು ಜೇಬಿಗೆ ಹಾಕಿ, ಬೆಂಚಿನ ಒಂದು ತುದಿಗೆ ಸರಿದರು.